ಕೇಳುವವರು ತಂದ ಬುತ್ತಿ



ಕಾಲವನ್ನು ದಾಟಿ ಹೋಲಿಕೆ ಮಾಡುವ ವಿದ್ಯೆ ಅಣ್ಣಿಗೇರಿಯ ನೆಲಕ್ಕೆ ಹೊಸದಲ್ಲ. ಪಂಪನ ತಾಯಿ ಅಬ್ಬಣಬ್ಬೆಯ ಕಡೆಯವರು ಬೆಳ್ವೊಲ ನಾಡಿನ ಈ ಊರಿನವರೆಂದು ಕವಿಯ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಕೊರೆಯಿಸಿದ ಶಾಸನದಿಂದ ತಿಳಿದುಬರುತ್ತದೆ. ಆ ಪಂಪನು 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸುವಾಗ ತನ್ನ ಒಡೆಯನಾದ ಇಮ್ಮಡಿ ಅರಿಕೇಸರಿಯನ್ನು ಭಾರತದ ಅರ್ಜುನನಿಗೆ ಹೋಲಿಸಿದನು, ಹೋಲಿಸಿದನು ಎನ್ನುವುದಕ್ಕಿಂತ ಒಬ್ಬನ ಮೇಲೆ ಇನ್ನೊಬ್ಬನನ್ನು ಆರೋಪಿಸಿಯೇ ಬಿಟ್ಟನು. ಆ ಹೋಲಿಕೆಗೆ ಅವನು ಬೆಲೆಯನ್ನೂ ತೆತ್ತನು. ದ್ರೌಪದಿಯು ಅರ್ಜುನನೊಬ್ಬನಿಗೇ ಹೆಂಡತಿಯಾಗಬೇಕಾಯಿತು; ಯುದ್ಧ ಮುಗಿದ ಮೇಲೆ ಅರ್ಜುನ ಸುಭದ್ರೆಯರಿಗೆ ಪಟ್ಟ ಕಟ್ಟಬೇಕಾಯಿತು. ಹೋಲಿಕೆಯನ್ನು ಉಳಿಸಿಕೊಳ್ಳಲು ಕಥೆಯನ್ನೇ ಬಗ್ಗಿಸಿದ್ದಾಯಿತು. ಐದು ಶತಮಾನಗಳು ಕಳೆದ ಮೇಲೆ ಇಲ್ಲಿಗೆ ಹತ್ತಿರದ ಕೋಳಿವಾಡದ ನಾರಣಪ್ಪನು ಕುಮಾರವ್ಯಾಸನಾಗಿ, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಅದೇ ಭಾರತವನ್ನು ಮತ್ತೆ ಹಾಡಿದನು. ಕನ್ನಡ ಎಂ.ಎ. ತರಗತಿಗಳು ಹುಟ್ಟಿದಂದಿನಿಂದ ವಿದ್ಯಾರ್ಥಿಗಳು ಈ ಇಬ್ಬರನ್ನು ಅಕ್ಕಪಕ್ಕ ಕೂಡಿಸಿ ಪರೀಕ್ಷೆ ಬರೆಯುತ್ತಲೇ ಇದ್ದಾರೆ.

ಇಂದಿನ ತರುಣರು ಇದೇ ಕೆಲಸವನ್ನು ರಾಕ್ ತಂಡಗಳ ವಿಷಯದಲ್ಲಿ ಮಾಡುತ್ತಾರೆ. (ಬ್ಯಾಂಡ್ ಎಂದರೆ ನಮ್ಮ ಕಡೆ ಇಂದಿಗೂ ಮದುವೆಯ ಮೆರವಣಿಗೆಯ ಬ್ಯಾಂಡೇ ನೆನಪಾಗುವುದರಿಂದ ತಂಡ ಎಂಬ ಪದವನ್ನೇ ಬಳಸುತ್ತೇನೆ.) ಅರವತ್ತರ ದಶಕದ ಬೀಟಲ್ಸ್ ದೊಡ್ಡವರೋ, ಎಪ್ಪತ್ತರ ದಶಕದ ಕ್ವೀನ್ ದೊಡ್ಡವರೋ, ಅವರಿಬ್ಬರನ್ನೂ ಮೀರಿಸಿದವರು ಮೆಟಾಲಿಕಾದವರೋ ಎಂದು ವಾದಕ್ಕೆ ನಿಲ್ಲುವ ಹುಡುಗರನ್ನು ಕಂಡು ಹಿರಿಯರು ನಗುತ್ತಾರೆ. ನಗುವ ಹಕ್ಕು ಧಾರವಾಡ ಸೀಮೆಯ ಹಿರಿಯರಿಗೆ ಇದೆಯೇ ಎಂಬುದು ನನ್ನ ಸಂದೇಹ. ಕುಂದಗೋಳದ ಸವಾಯಿ ಗಂಧರ್ವರ ಇಬ್ಬರು ಶಿಷ್ಯರಾದ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರಲ್ಲಿ ಗುರುವಿನ ಗಾಯನ ಯಾರಲ್ಲಿ ಹೆಚ್ಚು ಉಳಿಯಿತು ಎಂಬ ಚರ್ಚೆಯಲ್ಲಿ ಎಷ್ಟು ರಾತ್ರಿಗಳು ಬೆಳಗಾಗಿವೆಯೋ! ಆದುದರಿಂದ ಹೋಲಿಕೆಯೇ ತಪ್ಪೆಂದು ಹೇಳುವಂತಿಲ್ಲ. ಅಳತೆಗೋಲು ಯಾವುದು ಎಂಬುದಷ್ಟೇ ಪ್ರಶ್ನೆ. ಎಷ್ಟು ಧ್ವನಿಮುದ್ರಿಕೆಗಳು ಮಾರಾಟವಾದವು, ಎಷ್ಟು ಸಾವಿರ ಜನ ಸೇರಿದರು, ಗಿಟಾರ್ ಎಷ್ಟು ವೇಗವಾಗಿ ನುಡಿಯಿತು ಎಂಬ ಲೆಕ್ಕಗಳು ಜಾತ್ರೆಯಲ್ಲಿ ತೇರಿನ ಎತ್ತರವನ್ನು ಅಳೆದಂತೆ.

ನನಗೆ ಉಪಯುಕ್ತವೆಂದು ತೋರಿದ ಅಳತೆ ಬೇರೊಂದಿದೆ. ಹಾಡು ಕೇಳಲು ಬಂದವರು ತಮ್ಮೊಂದಿಗೆ ಏನನ್ನು ತಂದಿದ್ದರು? ಹೊಲಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುವಂತೆ ಕೇಳುಗರೂ ಒಂದು ಬುತ್ತಿಯೊಂದಿಗೆ ಬರುತ್ತಾರೆ. ಮೊದಲೇ ಗೊತ್ತಿರುವ ಮಾತು, ಮೊದಲೇ ಅನುಭವಿಸಿದ ದುಃಖ, ಬಾಲ್ಯದಲ್ಲಿ ಕಿವಿಗೆ ಬಿದ್ದ ಧಾಟಿ ಇವೆಲ್ಲ ಆ ಬುತ್ತಿಯಲ್ಲಿರುತ್ತವೆ. ಅವರು ತಂದದ್ದು ಹೆಚ್ಚಾದರೆ ತಂಡವು ಬಡಿಸಬೇಕಾದದ್ದು ಕಡಿಮೆ; ಅವರು ಬರಿಗೈಯಲ್ಲಿ ಬಂದರೆ ಎಲ್ಲವನ್ನೂ ತಂಡವೇ ಬಡಿಸಬೇಕು. ಅರಿಕೇಸರಿಯ ಆಸ್ಥಾನಕ್ಕೆ ಭಾರತದ ಕಥೆ ಕಂಠಪಾಠವಾಗಿದ್ದರಿಂದಲೇ ಪಂಪನು ಅದರ ಮೇಲೆ ಇನ್ನೊಂದು ಕಥೆಯನ್ನು ಹೊದಿಸಲು ಸಾಧ್ಯವಾಯಿತು. ಈ ಅಳತೆಯನ್ನು ಹಿಡಿದು, ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ಮೂರು ತಂಡಗಳನ್ನು ನಿಮ್ಮ ಮುಂದಿಡುತ್ತೇನೆ. ಒಂದು 1965ರ ಲಾಸ್ ಏಂಜಲೀಸಿನದು, ಒಂದು 1983ರ ಡಬ್ಲಿನ್ನಿನದು, ಒಂದು 2008ರ ಬೆಂಗಳೂರಿನದು. ಮೂವರೂ ತಮ್ಮದಲ್ಲದ ಹಳೆಯ ಮಾತುಗಳನ್ನು ಗಿಟಾರಿಗೆ ಅಳವಡಿಸಿದವರು.

ಮೊದಲನೆಯವರು ದಿ ಬರ್ಡ್ಸ್. ಇವರ ‘ಟರ್ನ್! ಟರ್ನ್! ಟರ್ನ್!’ ಎಂಬ ಹಾಡಿನ ಮಾತುಗಳು ಬಹುಪಾಲು ಪವಿತ್ರ ಬೈಬಲ್ಲಿನ ಉಪದೇಶಕ ಗ್ರಂಥದ ಮೂರನೆಯ ಅಧ್ಯಾಯದವು (ಪ್ರಸಂಗಿ ಎಂಬ ಹೆಸರಿನಿಂದ ಬಲ್ಲವರೂ ನಿಮ್ಮಲ್ಲಿ ಇರಬಹುದು). ಒಂದೊಂದಕ್ಕೂ ಒಂದು ಕಾಲವುಂಟು ಎಂದು ಜನನ ಮರಣಗಳಿಂದ ಮೊದಲುಗೊಂಡು ಯುದ್ಧ ಶಾಂತಿಗಳವರೆಗೆ ಹದಿನಾಲ್ಕು ಜೋಡಿಗಳನ್ನು ಎಣಿಸುವ ಭಾಗ ಅದು. ರಾಗ ಹಾಕಿದವರು ಜಾನಪದ ಗಾಯಕ ಪೀಟ್ ಸೀಗರ್. ಬರ್ಡ್ಸ್ ತಂಡದ ರೋಜರ್ ಮೆಗ್ವಿನ್ ಅದನ್ನು ಹನ್ನೆರಡು ತಂತಿಯ ವಿದ್ಯುತ್ ಗಿಟಾರಿಗೆ ತಂದರು. 1965ರ ಡಿಸೆಂಬರಿನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಸೀಗರ್ ತಮ್ಮದೆಂದು ಸೇರಿಸಿದ್ದು ಬಹಳ ಸ್ವಲ್ಪ: ತಿರುಗುವಿಕೆಯನ್ನು ಹೇಳುವ ಪಲ್ಲವಿಯ ಪದ, ಕೊನೆಯಲ್ಲಿ ಒಂದು ಪುಟ್ಟ ಮಾತು. ಆದರೆ ಆ ಪುಟ್ಟ ಮಾತು ಗ್ರಂಥದ ದಿಕ್ಕನ್ನೇ ಬದಲಿಸಿದೆ. ಉಪದೇಶಕನು ಬೇಡುವವನಲ್ಲ. ಯುದ್ಧಕ್ಕೂ ಕಾಲವಿದೆ, ಶಾಂತಿಗೂ ಕಾಲವಿದೆ ಎಂದು ದೂರದಲ್ಲಿ ನಿಂತು ಕಂಡದ್ದನ್ನು ಹೇಳುತ್ತಾನೆ. ಮನುಷ್ಯನ ಆತುರದಿಂದ ಕಾಲ ಬದಲಾಗದೆಂಬ ವಿಷಾದವೂ ಅವನಲ್ಲಿದೆ. ಸೀಗರ್ ಅದರ ಕೊನೆಗೆ ಶಾಂತಿಗೆ ಇನ್ನೂ ಸಮಯ ಮೀರಿಲ್ಲವೆಂಬ ಆಣೆಯನ್ನು ಸೇರಿಸಿ, ನೋಟವನ್ನು ಮೊರೆಯಾಗಿ ಮಾಡಿದರು. 1965ರ ಮಾರ್ಚಿನಲ್ಲಿ ಅಮೆರಿಕದ ಪದಾತಿ ಪಡೆ ವಿಯೆಟ್ನಾಮಿನಲ್ಲಿ ಇಳಿದಿತ್ತು. ಕೇಳುವವರ ಬುತ್ತಿಯಲ್ಲಿ ಆ ಭಯ ಸಿದ್ಧವಾಗಿತ್ತು. ವಾಕ್ಯದ ಪರಿಚಯವೂ ಇತ್ತು. ಆದುದರಿಂದ ತಂಡವು ಕೂಗಬೇಕಾಗಲಿಲ್ಲ. ಅವರ ಗಾಯನ ಎಷ್ಟು ನಯವೆಂದರೆ ಕೊಲ್ಲುವ ಕಾಲ, ಅಳುವ ಕಾಲಗಳೂ ಅಲ್ಲಿ ಸಿಹಿಯಾಗಿಯೇ ಕೇಳಿಸುತ್ತವೆ. ಇದು ಆ ಹಾಡಿನ ಬಲವೂ ಹೌದು, ದೌರ್ಬಲ್ಯವೂ ಹೌದು. ಆ ವರ್ಷದ ಭಯವಿಲ್ಲದೆ ಇಂದು ಅದನ್ನು ಕೇಳುವವರಿಗೆ ಗಿಟಾರಿನ ಗಂಟೆಯಂಥ ನಾದ ಉಳಿಯುತ್ತದೆ. ಮೊರೆ ತಪ್ಪಿಹೋಗುವ ಸಂಭವವಿದೆ.

ಎರಡನೆಯವರು ಯು-ಟು. 1976ರಲ್ಲಿ ಡಬ್ಲಿನ್ನಿನ ಶಾಲಾಬಾಲಕರು ಕಟ್ಟಿದ ತಂಡ. 1983ರ ಅವರ ‘ವಾರ್’ ಎಂಬ ಧ್ವನಿಮುದ್ರಿಕೆಯ ಕೊನೆಯ ಹಾಡಿಗೆ ಹೆಸರು ಒಂದು ಸಂಖ್ಯೆ: 40. ಅದು ನಲವತ್ತನೆಯ ಕೀರ್ತನೆ. ಸ್ಟುಡಿಯೋದ ಅವಧಿ ಮುಗಿಯುತ್ತಿದ್ದ ಕೊನೆಯ ಗಂಟೆಗಳಲ್ಲಿ ಅವಸರದಿಂದ ಮುದ್ರಿಸಿದ ಹಾಡದು. ಬೇಸ್ ಗಿಟಾರಿನ ಆಡಮ್ ಕ್ಲೇಟನ್ ಆಗ ಅಲ್ಲಿರಲಿಲ್ಲವಾದ್ದರಿಂದ ಎಡ್ಜ್ ಎಂದೇ ಹೆಸರಾದ ಗಿಟಾರ್ ವಾದಕರು ಅದನ್ನೂ ನುಡಿಸಿದರು. ಮುಂದೆ ವೇದಿಕೆಯ ಮೇಲೆ ಈ ಹಾಡು ಬಂದಾಗ ಇಬ್ಬರೂ ವಾದ್ಯಗಳನ್ನು ಅದಲುಬದಲು ಮಾಡಿಕೊಳ್ಳುವ ರೂಢಿ ಬಂದದ್ದು ಹೀಗೆ.

ಕೀರ್ತನೆಯನ್ನು ಅವರು ಬಳಸಿದ ಕ್ರಮ ಗಮನಾರ್ಹವಾದುದು. ನಲವತ್ತನೆಯ ಕೀರ್ತನೆ ಕಾದು ಕಾದು ರಕ್ಷಣೆ ಪಡೆದವನ ಕೃತಜ್ಞತೆಯಿಂದ ಆರಂಭವಾಗುತ್ತದೆ. ಯು-ಟು ಅದಕ್ಕೆ ಪಲ್ಲವಿಯಾಗಿ ಜೋಡಿಸಿದ್ದು ಆರನೆಯ ಕೀರ್ತನೆಯ ಪ್ರಶ್ನೆಯನ್ನು: ಇನ್ನೂ ಎಲ್ಲಿಯವರೆಗೆ ಎಂಬ ನೊಂದವನ ಪ್ರಶ್ನೆಯನ್ನು. ಒಂದರ ಸ್ತೋತ್ರಕ್ಕೆ ಇನ್ನೊಂದರ ಅಳಲನ್ನು ಹೊಲಿಯುವುದು ವಾಕ್ಯಕ್ಕೆ ಮಾಡಿದ ಅಪಚಾರವಲ್ಲವೇ ಎಂದು ಕೆಲವರು ಕೇಳಬಹುದು. ಬೈಬಲ್ಲನ್ನೇ ತೆರೆದು ನೋಡಿರಿ. ನಲವತ್ತನೆಯ ಕೀರ್ತನೆಯು ಸ್ತೋತ್ರದಲ್ಲಿ ಮುಗಿಯುವುದಿಲ್ಲ. ನಡುವೆ ತಿರುಗಿ ಮತ್ತೆ ಆಪತ್ತಿನ ಮೊರೆಯಾಗುತ್ತದೆ. ಆ ಕೊನೆಯ ಭಾಗವೇ ಸ್ವಲ್ಪ ವ್ಯತ್ಯಾಸದೊಂದಿಗೆ ಎಪ್ಪತ್ತನೆಯ ಕೀರ್ತನೆಯಾಗಿ ಬೇರೆಯಾಗಿಯೂ ನಿಂತಿದೆ. ಹೊಲಿಗೆಯನ್ನು ರಾಕ್ ಗಾಯಕರು ಹೊಸದಾಗಿ ಕಂಡುಹಿಡಿಯಲಿಲ್ಲ. ಅದು ಕೀರ್ತನೆಗಳ ಸಂಕಲನದಲ್ಲಿಯೇ ಇರುವ ಪದ್ಧತಿ. 1972ರ ಜನವರಿ 30ರಂದು ಡೆರಿ ಪಟ್ಟಣದಲ್ಲಿ ನಡೆದ ಗುಂಡಿನ ದಾಳಿಯನ್ನು ನೆನೆಯುವ ಇನ್ನೊಂದು ಹಾಡು ಇದೇ ಧ್ವನಿಮುದ್ರಿಕೆಯ ಆರಂಭದಲ್ಲಿದೆ. ಅಲ್ಲಿಯೂ ಅದೇ ಪ್ರಶ್ನೆ. ಐರ್ಲೆಂಡಿನ ಕೇಳುಗರ ಬುತ್ತಿಯಲ್ಲಿ ಏನಿತ್ತೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಹಾಡಿನ ಅಂತ್ಯ ಮಾತ್ರ ಅಮೆರಿಕದ ಯಾವ ತಂಡಕ್ಕಿಂತಲೂ ನಮ್ಮ ಹಳ್ಳಿಗಳಿಗೆ ಹತ್ತಿರವಾದುದು. ಎಂಬತ್ತರ ದಶಕದ ಕಛೇರಿಗಳಲ್ಲಿ ಇದನ್ನು ಕೊನೆಗೆ ಹಾಡುತ್ತಿದ್ದರು. ಜನರು ಪಲ್ಲವಿಯನ್ನು ಎತ್ತಿಕೊಳ್ಳುತ್ತಿದ್ದಂತೆ ಗಾಯಕ ಬೋನೋ ವೇದಿಕೆಯಿಂದ ಇಳಿದು ಹೋಗುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಉಳಿದವರೂ ವಾದ್ಯವನ್ನು ಇಟ್ಟು ಹೋಗುತ್ತಾರೆ. ಕಡೆಗೆ ಡ್ರಮ್ಮಿನ ಲ್ಯಾರಿ ಮಲನ್ ಕೂಡ ಎದ್ದು ನಡೆಯುತ್ತಾರೆ. ವೇದಿಕೆ ಬರಿದಾದರೂ ಹಾಡು ನಿಲ್ಲುವುದಿಲ್ಲ. ಈಗ ವಿಠ್ಠಲ ಭಕ್ತರ ಅಖಂಡ ನಾಮಸಪ್ತಾಹವನ್ನು ನೆನಪಿಸಿಕೊಳ್ಳಿರಿ. ಏಳು ದಿನ, ಹಗಲಿರುಳು, ವೀಣೆಯನ್ನು ನೆಲಕ್ಕೆ ಇಡುವಂತಿಲ್ಲ. ಪಾಳಿ ಮುಗಿದವನು ಅದನ್ನು ಮುಂದಿನವನಿಗೆ ಒಪ್ಪಿಸಿ ಹೊಲಕ್ಕೋ ಮನೆಗೋ ಹೋಗುತ್ತಾನೆ. ಹಾಡುವವರು ಬದಲಾಗುತ್ತಾರೆ, ನಾಮ ಮಾತ್ರ ಸಾಗುತ್ತದೆ. ಡಬ್ಲಿನ್ನಿನ ನಾಲ್ವರಿಗೆ ಸಪ್ತಾಹದ ಗಂಧವಿರಲಿಲ್ಲ. ಸಪ್ತಾಹದವರಿಗೆ ಡಬ್ಲಿನ್ನಿನ ಹಂಗಿಲ್ಲ. ಹಾಡು ಹಾಡುವವನದಲ್ಲ, ಕೂಡಿದವರದು ಎಂಬಲ್ಲಿ ಇಬ್ಬರೂ ಬಂದು ಸೇರುತ್ತಾರೆ.

ಇಲ್ಲಿಯೇ ಒಂದು ಪ್ರತಿಕೂಲ ಉದಾಹರಣೆ. ‘ರಿವರ್ಸ್ ಆಫ್ ಬ್ಯಾಬಿಲನ್’ ಎಂಬ ಹಾಡನ್ನು ನಿಮ್ಮಲ್ಲಿ ಅನೇಕರು ಬೋನಿ ಎಮ್ ತಂಡದ ಕ್ಯಾಸೆಟ್ಟಿನಲ್ಲಿ ಕೇಳಿರುತ್ತೀರಿ. ಅದು ರಾಕ್ ಅಲ್ಲ, ಡಿಸ್ಕೋ. 137ನೆಯ ಕೀರ್ತನೆಯನ್ನು ಆಧರಿಸಿದ ಆ ಹಾಡನ್ನು ಮೊದಲು 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ಹಾಡಿದ್ದರು. ದಾಸ್ಯಕ್ಕೆ ಮಾರಿಹೋದ ಪೂರ್ವಜರ ವಂಶದವರಾದ ಅವರಿಗೆ ಬಾಬಿಲೋನಿನ ಸೆರೆ ದೂರದ ಕಥೆಯಾಗಿರಲಿಲ್ಲ. 1978ರ ಬೋನಿ ಎಮ್ ಆವೃತ್ತಿಯಲ್ಲಿ ಅವರ ರಸ್ತಾಫಾರಿ ಪಂಥದ ಪದಗಳನ್ನು ತೆಗೆದುಹಾಕಿದ್ದಾರೆ. ಹಾಡು ಲೋಕವನ್ನೆಲ್ಲ ಸುತ್ತಿತು. ಸೆರೆಯಲ್ಲಿ ಅತ್ತವರ ಹಾಡಿಗೆ ಜನ ಚಪ್ಪಾಳೆ ತಟ್ಟಿ ಕುಣಿದರು.

ಇನ್ನು ನಮ್ಮವರ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಕೊಡಿರಿ.

ಶಿಶುನಾಳ ಷರೀಫರು (1819-1889) ಶಿಗ್ಗಾಂವಿ ತಾಲ್ಲೂಕಿನವರು. ಅವರ ಗುರು ಗೋವಿಂದಭಟ್ಟರು ಕುಂದಗೋಳ ತಾಲ್ಲೂಕಿನ ಕಳಸದವರು. ಷರೀಫರ ತತ್ವಪದಗಳು ಮೊದಲು ಬಾಳಿದ್ದು ಈ ಭಾಗದ ಭಜನಾ ಮೇಳಗಳ ಬಾಯಲ್ಲಿ. ಮುಂದೆ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿಯಿಂದ ಅವು ಸುಗಮ ಸಂಗೀತಕ್ಕೆ ಬಂದವು. ಭಟ್ಟರಿಗೆ ‘ಷರೀಫ ಭಟ್ಟ’ ಎಂಬ ಹೆಸರೇ ಬಂದಿತು. ಸಿ. ಅಶ್ವತ್ಥರ ಸಂಗೀತ, ಕಂಠಗಳಿಂದಲೂ, 1990ರಲ್ಲಿ ಟಿ.ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದಲೂ ಅವು ಕನ್ನಡಿಗರೆಲ್ಲರ ಸ್ವತ್ತಾದವು. 2008ರಲ್ಲಿ ರಘು ದೀಕ್ಷಿತರ ತಂಡವು ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿಯೇ ಷರೀಫರ ಪದಗಳನ್ನು ಗಿಟಾರ್, ಪಿಟೀಲು, ಡ್ರಮ್ಮುಗಳೊಂದಿಗೆ ಹಾಡಿತು. ಒಂದು ಗುಡುಗುಡಿಯನ್ನು ಕುರಿತದ್ದು, ಇನ್ನೊಂದು ಸೋರುವ ಮಾಳಿಗೆಯನ್ನು ಕುರಿತದ್ದು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಗೂ ಈ ತಂಡ ಹೋಯಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಗಾಯಕರನ್ನು ಅಲ್ಲಿಯವರು ಕಣ್ತುಂಬ ನೋಡಿದರು.

ಸೋರುವ ಮಾಳಿಗೆಯ ಪದವನ್ನೇ ತೆಗೆದುಕೊಳ್ಳೋಣ. ಅಣ್ಣಿಗೇರಿ, ನವಲಗುಂದಗಳ ಕರಿಮಣ್ಣಿನ ಬಯಲಿನಲ್ಲಿ ಹಳೆಯ ಮನೆಗಳಿಗೆ ಹೆಂಚಿಲ್ಲ, ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುನ್ನ ಮೇಲೆ ಹತ್ತಿ ಮಣ್ಣು ಹಾಕಿ, ಬಿರುಕು ಮುಚ್ಚಿ, ನೀರು ಹರಿಯುವ ದಾರಿಯನ್ನು ನೋಡದಿದ್ದರೆ ಜಿಟಿಜಿಟಿ ಮಳೆಯ ಎರಡನೆಯ ರಾತ್ರಿಯೇ ಸೋರಲು ಆರಂಭಿಸುತ್ತದೆ. ಮೊದಲು ಒಂದು ಹನಿ, ಅದಕ್ಕೊಂದು ಪಾತ್ರೆ. ಆಮೇಲೆ ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯುವುದು. ಕತ್ತಲಲ್ಲಿ ಮೇಲೆ ಹತ್ತುವವರು ಯಾರು ಎಂಬ ಮಾತು. ಈ ಅನುಭವ ಇದ್ದವರ ಮುಂದೆ, ಅಜ್ಞಾನದಿಂದ ಮಾಳಿಗೆ ಸೋರುತ್ತಿದೆ ಎಂದು ಷರೀಫರು ಹೇಳಿದರೆ ಯಾವ ವ್ಯಾಖ್ಯಾನವೂ ಬೇಡ. ದೇಹವೇ ಮನೆ ಎಂಬುದು ಕೇಳುಗನಿಗೆ ತತ್ವವಾಗಿ ಹೊಳೆಯುವ ಮೊದಲೇ ಅವನ ಬೆನ್ನಿಗೆ ತಣ್ಣಗೆ ತಾಗುತ್ತದೆ. ಅಂಥ ಕೇಳುಗನಿಗೆ ಭಜನಾ ಮೇಳದ ಪೇಟಿ, ತಬಲಾ, ದಮ್ಮಡಿ, ತಾಳಗಳು ಸಾಕು. ಮುಂದಿನವನು ಒಂದು ಸಾಲು ಎತ್ತುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಹಾಡುತ್ತಾರೆ. ಶ್ರಾವಣ ಮಾಸದ ರಾತ್ರಿಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಇಷ್ಟರಿಂದಲೇ ಹಾಡು ನಿಲ್ಲುತ್ತದೆ. ಶ್ರುತಿ ಒಂದಿಷ್ಟು ತಪ್ಪಿದರೂ ಯಾರೂ ಬೇಸರಿಸುವುದಿಲ್ಲ.

ಅಶ್ವತ್ಥರ ಕೇಳುಗರು ನಡುವಿನವರು. ಹಳ್ಳಿಯನ್ನು ಬಿಟ್ಟು ಪಟ್ಟಣ ಸೇರಿದವರು, ಹೆಂಚಿನ ಅಥವಾ ಸಿಮೆಂಟಿನ ಸೂರಿನಡಿ ಕುಳಿತು ಮಣ್ಣಿನ ಮಾಳಿಗೆಯನ್ನು ನೆನೆಯುವವರು. ಅವರಿಗೆ ಬೇಕಾದದ್ದು ನೆನಪನ್ನು ಎಬ್ಬಿಸುವ ಕಂಠ. ಅಶ್ವತ್ಥರು ತಾರಸ್ಥಾಯಿಯಲ್ಲಿ ಕಂಠವನ್ನು ಬಿಚ್ಚಿ ಆ ನೆನಪನ್ನು ಎಬ್ಬಿಸಿದರು. ರಘು ದೀಕ್ಷಿತರ ಕೇಳುಗರಲ್ಲಿ ಬಹುಮಂದಿ ಮಾಳಿಗೆಯನ್ನೇ ಕಂಡವರಲ್ಲ. ಬೆಂಗಳೂರಿನ ಬಹುಮಹಡಿಯ ಮನೆಯವರಿಗೆ ಸೋರುವುದು ಎಂದರೆ ಮೇಲಿನ ಮನೆಯವರ ನಲ್ಲಿಯ ದೋಷ. ಇಂಗ್ಲೆಂಡಿನವರಿಗೆ ಕನ್ನಡವೇ ತಿಳಿಯದು. ಬುತ್ತಿ ಖಾಲಿ. ಆಗ ತಂಡವು ಏನು ಮಾಡಬೇಕು? ಮಾತು ಮಾಡಬೇಕಾದ ಕೆಲಸವನ್ನು ನಾದಕ್ಕೆ, ಗೆಜ್ಜೆಗೆ, ಬಣ್ಣಕ್ಕೆ ವಹಿಸಬೇಕು. ಡ್ರಮ್ಮು ಜೋರಾದುದು ಗಾಯಕನ ಅಹಂಕಾರದಿಂದಲ್ಲ, ಕೇಳುಗರ ಬರಿಗೈಯಿಂದ. ಹೀಗೆ ನೋಡಿದಾಗ ‘ಷರೀಫರನ್ನು ಕೆಡಿಸಿದರು’ ಎಂಬ ದೂರಿಗೆ ಅರ್ಥ ಉಳಿಯುವುದಿಲ್ಲ.

ಹಾಗೆಂದು ನನ್ನ ತೀರ್ಪನ್ನು ಮುಚ್ಚಿಡಲಾರೆ. ಗುಡುಗುಡಿಯ ಪದದಲ್ಲಿ ಈ ತಂಡ ಗೆದ್ದಿದೆ. ಹುಕ್ಕಾದ ನೆಪದಲ್ಲಿ ಒಡಲಿನ ರೋಗವನ್ನು ಹೊಗೆಯಾಗಿಸುವ ಆ ಪದದಲ್ಲಿ ಷರೀಫರದೇ ಒಂದು ಪೋಕರಿತನವಿದೆ, ಉನ್ಮಾದವಿದೆ. ರಾಕ್ ಸಂಗೀತಕ್ಕೆ ಅದು ಹೇಳಿಮಾಡಿಸಿದಂತಿದೆ; ವೇಗ ಏರಿದಷ್ಟೂ ಪದ ಅರಳುತ್ತದೆ. ಮಾಳಿಗೆಯ ಪದದಲ್ಲಿ ಮಾತ್ರ ಬರ್ಡ್ಸ್ ತಂಡಕ್ಕೆ ಒದಗಿದ ಅಪಾಯವೇ ಇವರಿಗೂ ಒದಗಿದೆ. ನಾದ ಸುಂದರವಾಗಿದೆ. ಆದರೆ ಮೇಲೆ ಹತ್ತಿ ಬಿರುಕು ಮುಚ್ಚಲಾರದವನ ಅಸಹಾಯಕತೆ ಎಲ್ಲಿ? ಅದಕ್ಕೆ ಬೇಕಾದ ಬಡತನ ಆ ವಾದ್ಯಮೇಳದಲ್ಲಿಲ್ಲ. ನಲವತ್ತಮೂರು ವರ್ಷಗಳ ಅಂತರವಿರುವ ಈ ಎರಡು ತಂಡಗಳು ಒಂದೇ ಕಡೆ ಎಡವುವುದನ್ನು ಕಂಡಾಗ, ದೋಷವು ಗಿಟಾರಿನದಲ್ಲ, ಸೊಗಸಿನದು ಎಂದು ನನಗೆ ತೋರುತ್ತದೆ.

ಈ ಚರ್ಚೆ ಕೇವಲ ಕಲೆಯದಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ದಿನಗಳು ಹತ್ತಿರವಾದಂತೆ ಗಾನವೃಂದದಲ್ಲಿ ಏಳುವ ಜಗಳ ಇದೇ. ಯುವಕರಿಗೆ ಗಿಟಾರ್, ಡ್ರಮ್ಮು, ಕೀಬೋರ್ಡು ಬೇಕು. ಹಿರಿಯರಿಗೆ ಪೇಟಿ, ತಬಲಾ, ಹಳೆಯ ಧಾಟಿ ಬೇಕು. ಒಂದೆರಡು ವರ್ಷ ಹಟ ನಡೆದು ಕೊನೆಗೆ ಯುವಕರು ಗಾನವೃಂದವನ್ನೇ ಬಿಟ್ಟುಹೋದ ಪ್ರಸಂಗಗಳು ನಿಮಗೂ ತಿಳಿದಿರಬಹುದು. ಹಿರಿಯರು ಒಂದು ಸಂಗತಿಯನ್ನು ಮರೆಯುತ್ತಾರೆ. 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರ ಮೂಲಕ ಬಂದ ಅನೇಕ ಗೀತೆಗಳ ಧಾಟಿಗಳು ಜರ್ಮನ್ ಧಾಟಿಗಳೇ. ಪೇಟಿಯಾದರೂ ಯೂರೋಪಿನಿಂದ ಬಂದ ವಾದ್ಯ. ಭಾರತೀಯ ಸಂಗೀತಕ್ಕೆ ಅದು ಒಗ್ಗದೆಂದು ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಅದನ್ನು ನಿಷೇಧಿಸಿತ್ತು. ಇಂದಿನ ಪೇಟಿ ಅಂದಿನ ಗಿಟಾರ್. ಪೂಜಾವಿಧಿಯಲ್ಲಿ ಮಾತೃಭಾಷೆಗೆ ಬಾಗಿಲು ತೆರೆದ ವ್ಯಾಟಿಕನ್ ಸಭೆಯ ದಸ್ತಾವೇಜು ಹೊರಬಿದ್ದದ್ದು 1963ರ ಡಿಸೆಂಬರ್ 4ರಂದು. ಎರಡೇ ವರ್ಷಗಳಲ್ಲಿ ಬರ್ಡ್ಸ್ ಹಾಡು ಬಂದಿತೆಂಬುದು ಕಾಕತಾಳೀಯವೇ ಇರಬಹುದು, ಆದರೂ ನೆನಪಿಡತಕ್ಕದ್ದು.

ಯುವಕರು ಮರೆಯುವ ಸಂಗತಿ ಬೇರೆ. ಯು-ಟು ತಂಡ ವೇದಿಕೆಯನ್ನು ಬಿಟ್ಟು ನಡೆಯಬಲ್ಲದಾದದ್ದು ಎದುರಿಗಿದ್ದವರಿಗೆ ಪಲ್ಲವಿ ಬಾಯಿಗೆ ಬಂದಿದ್ದರಿಂದ. ನಮ್ಮಲ್ಲಿ ನಲವತ್ತನೆಯ ಕೀರ್ತನೆಯನ್ನು ಪುಸ್ತಕವಿಲ್ಲದೆ ಹೇಳಬಲ್ಲವರು ಒಂದು ಸಾಲಿನಲ್ಲಿ ಎಷ್ಟು ಮಂದಿ ಸಿಕ್ಕಾರು? ಕೂಡಿದವರಿಗೆ ಮಾತು ಗೊತ್ತಿಲ್ಲದಾಗ ಗಾನವೃಂದವು ಆ ಬರಿದನ್ನು ತುಂಬಲು ಧ್ವನಿವರ್ಧಕವನ್ನು ಏರಿಸುತ್ತದೆ. ಹಿರಿಯರು ಅದನ್ನು ಗದ್ದಲವೆನ್ನುತ್ತಾರೆ. ಗದ್ದಲದ ಮೂಲ ವೇದಿಕೆಯ ಮೇಲಿಲ್ಲ, ಬೆಂಚುಗಳ ಮೇಲಿದೆ. ಭಜನೆಯ ಪದ್ಧತಿಯಂತೆ ಒಬ್ಬರು ಸಾಲೆತ್ತಿ ಎಲ್ಲರೂ ತಿರುಗಿ ಹಾಡುವ ಕ್ರಮದಲ್ಲಿ ಒಂದೇ ಕೀರ್ತನೆಯನ್ನು ಕೆಲವು ತಿಂಗಳು ಬಿಡದೆ ಹಾಡಿಸಿದರೆ ಗಿಟಾರಿನ ವಿಷಯದ ಜಗಳ ಅರ್ಧಕ್ಕರ್ಧ ಇಳಿಯುವುದೆಂದು ನನ್ನ ನಂಬಿಕೆ. ಆ ಕೀರ್ತನೆಗೆ ಧಾಟಿಯನ್ನು ಯುವಕರೇ ಕಟ್ಟಲಿ. ಶ್ರಾವಣದ ಒಂದು ರಾತ್ರಿ ಯಾವುದಾದರೂ ಹಳ್ಳಿಯ ಕಟ್ಟೆಯ ಬಳಿ ನಿಂತು, ಹಿಂದಿನ ಸಾಲಿನವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂಬುದನ್ನು ಗಮನಿಸಿ ಬಂದು ಕಟ್ಟಲಿ.